ಹತ್ತು ಮಕ್ಕಳ ಮನೆ, ಒಬ್ಬೊಬ್ಬರಿಗೂ ಒಂದು ಸಂಜೆ

ಜೂನ್ ತಿಂಗಳು ಬಂತೆಂದರೆ ನಮ್ಮ ನಿಮ್ಮೆಲ್ಲರ ಮನೆಯ ಗಡಿಯಾರವೇ ಬದಲಾಗುತ್ತದೆ. ಬೆಳಿಗ್ಗೆ ಐದಕ್ಕೆ ಏಳಬೇಕು, ಟಿಫನ್ ಡಬ್ಬಿ ತುಂಬಬೇಕು, ಯೂನಿಫಾರಂ ಇಸ್ತ್ರಿ ಆಗಬೇಕು, ಸಂಜೆ ಹೋಂವರ್ಕ್ ಮಾಡಿಸಬೇಕು. ಅಂತೂ ಒಂದು ವೇಳಾಪಟ್ಟಿ ಕೂಡಿ ಬಂತು ಅಂತ ಉಸಿರು ಬಿಡುವಷ್ಟರಲ್ಲಿ ಅತ್ತೆಯವರಿಗೆ ಹುಷಾರು ತಪ್ಪುತ್ತದೆ. ಇಲ್ಲವೇ ಯಜಮಾನರಿಗೆ ಬೇರೆ ಊರಿಗೆ ವರ್ಗವಾಗುತ್ತದೆ. ದೊಡ್ಡವಳು ಎಸ್ಸೆಸ್ಸೆಲ್ಸಿಗೆ ಬರುತ್ತಾಳೆ, ಚಿಕ್ಕವನು ಹಟ ಶುರು ಮಾಡುತ್ತಾನೆ. ಪಟ್ಟಿ ಮೂಲೆ ಸೇರುತ್ತದೆ. ನನ್ನ ಕೈಲಿ ಏನೂ ಆಗೋದಿಲ್ಲ ಅಂತ ಎಷ್ಟು ಸಲ ಅನಿಸಿಲ್ಲ, ಹೇಳಿ!

ಹಾಗೆ ಅನಿಸಿದ ದಿನ ನೆನಪಿಸಿಕೊಳ್ಳಲು ಒಬ್ಬ ತಾಯಿ ಇದ್ದಾಳೆ. ಸುಮಾರು ಮುನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಪುಟ್ಟ ಊರಿನಲ್ಲಿ ಅಡುಗೆಮನೆ, ತೊಟ್ಟಿಲು, ಸಾಲ ಎಲ್ಲದರ ನಡುವೆ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿದವಳು. ಹೆಸರು ಸುಸಾನ್ನಾ ವೆಸ್ಲಿ. ವೆಸ್ಲಿ ಅನ್ನುವ ಹೆಸರು ನಮಗೂ ದೂರದ್ದಲ್ಲ. ಬೆಂಗಳೂರಿನ ಕಾರ್ಪೊರೇಷನ್ ಹತ್ತಿರ, ಬಸ್ಸಿನಿಂದ ದಿನಾ ಕಾಣುವ ಹಡ್ಸನ್ ಚರ್ಚು 1904ರಲ್ಲಿ ಎದ್ದದ್ದು ವೆಸ್ಲಿಯನ್ ಮಿಷನ್ನಿನವರಿಂದ. ಹೆಂಗಸರು, ಮಕ್ಕಳ ಆರೈಕೆಗೆಂದು ಮೈಸೂರಿನಲ್ಲಿ 1906ರಲ್ಲಿ ಆರಂಭವಾದ, ಊರಿನವರು ಮಿಷನ್ ಆಸ್ಪತ್ರೆ ಅಂತಲೇ ಕರೆಯುವ ಆಸ್ಪತ್ರೆಯೂ ಅವರದೇ. ಆ ಪಂಥಕ್ಕೆ ಹೆಸರು ಕೊಟ್ಟ ಜಾನ್ ವೆಸ್ಲಿ ಈ ತಾಯಿಯ ಮಗ.

ಇಪ್ಪತ್ತೈದನೆಯ ಕೂಸು

ಸುಸಾನ್ನಾ ಹುಟ್ಟಿದ್ದು 1669ರ ಜನವರಿ 20ರಂದು, ಲಂಡನ್ನಿನಲ್ಲಿ. ತಂದೆ ಸ್ಯಾಮ್ಯುಯೆಲ್ ಆ್ಯನ್ಸ್‌ಲಿ ಹೆಸರಾಂತ ಪಾದ್ರಿ. ಆತನಿಗೆ ಇವಳು ಇಪ್ಪತ್ತೈದನೆಯ ಮಗು ಅಂದರೆ ನಂಬಲೇಬೇಕು. ಹೆಣ್ಣುಮಕ್ಕಳನ್ನು ಕಾಲೇಜಿಗೆ ಸೇರಿಸಿಕೊಳ್ಳದ ಕಾಲ ಅದು. ಆದರೆ ಅಪ್ಪನ ಪುಸ್ತಕಗಳಿಗೆ ಮಗಳ ಕೈ ತಗಲದಂತೆ ಯಾರೂ ಬೀಗ ಹಾಕಲಿಲ್ಲ. ಓದಿದಳು, ಯೋಚಿಸಿದಳು. ಹದಿಮೂರು ತುಂಬುವ ಮುಂಚೆಯೇ ತಂದೆಯ ಪಂಥ ಬಿಟ್ಟು ಇಂಗ್ಲೆಂಡಿನ ಅಧಿಕೃತ ಚರ್ಚಿಗೆ ಸೇರುವ ನಿರ್ಧಾರ ಮಾಡಿದಳು. ಆ ಚರ್ಚಿನ ನಿಯಮಕ್ಕೆ ಒಪ್ಪದೆ ತನ್ನ ಹುದ್ದೆಯನ್ನೇ ಕಳೆದುಕೊಂಡಿದ್ದ ತಂದೆ ಮಗಳ ಮೇಲೆ ಮುನಿಯಲಿಲ್ಲ. ತನ್ನ ತಲೆಯಿಂದ ತಾನು ಯೋಚಿಸುವ ಸ್ವಾತಂತ್ರ್ಯ ಅವಳಿಗೆ ತವರುಮನೆಯಿಂದ ಬಂದ ಬಳುವಳಿ.

1688ರ ನವೆಂಬರ್‌ನಲ್ಲಿ ಹತ್ತೊಂಬತ್ತರ ಸುಸಾನ್ನಾ, ಸ್ಯಾಮ್ಯುಯೆಲ್ ವೆಸ್ಲಿ ಎಂಬ ಯುವ ಪಾದ್ರಿಯನ್ನು ಮದುವೆಯಾದಳು. ಆತ ವಿದ್ವಾಂಸ, ಕವಿ. ಆದರೆ ಕೈಯಲ್ಲಿ ದುಡ್ಡು ನಿಲ್ಲದು, ಮೂಗಿನ ಮೇಲೆ ಕೋಪ. 1690ರ ದಶಕದ ಕೊನೆಗೆ ಈ ಸಂಸಾರ ಲಿಂಕನ್‌ಶೈರ್ ಪ್ರಾಂತದ ಎಪ್ವರ್ತ್ ಎಂಬ ಊರಿಗೆ ಬಂತು. ಸುತ್ತ ಜೌಗು ನೆಲ. ಹೊಸ ಪಾದ್ರಿಯ ರಾಜಕೀಯ ಊರಿನ ಹಲವರಿಗೆ ಹಿಡಿಸದು. ಮುಂದಿನ ಸುಮಾರು ನಲವತ್ತು ವರ್ಷ ಸುಸಾನ್ನಾಳ ಬದುಕೆಲ್ಲ ಅಲ್ಲೇ.

ಒಟ್ಟು ಹತ್ತೊಂಬತ್ತು ಹೆರಿಗೆ. ಉಳಿದು ಬೆಳೆದದ್ದು ಹತ್ತು ಮಕ್ಕಳು, ಏಳು ಹೆಣ್ಣು, ಮೂರು ಗಂಡು. ಒಂಬತ್ತು ಕೂಸುಗಳನ್ನು ಮಣ್ಣಿಗಿಟ್ಟ ತಾಯಿ ಇವಳು ಅನ್ನುವುದನ್ನು ಮರೆತು ಇವಳ ಶಿಸ್ತಿನ ಕಥೆಯನ್ನು ಓದಬಾರದು.

ಊಟದ ಮನೆಯ ಪಕ್ಕದಲ್ಲೇ ಶಾಲೆ

ಮಗುವಿಗೆ ಐದು ತುಂಬಿದ ಮರುದಿನ ಅಕ್ಷರಾಭ್ಯಾಸ. ಆ ದಿನ ಮನೆಯ ಬೇರೆ ಕೆಲಸಗಳೆಲ್ಲ ಮೊದಲೇ ಮುಗಿದಿರಬೇಕು, ಪಾಠದ ಕೋಣೆಗೆ ಯಾರೂ ಕಾಲಿಡಬಾರದು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು, ಮಧ್ಯಾಹ್ನ ಎರಡರಿಂದ ಐದು. ಆ ಆರು ಗಂಟೆಯಲ್ಲಿ ಮಗು ಅಕ್ಷರಮಾಲೆ ಕಲಿಯಬೇಕು. ಎಲ್ಲರೂ ಕಲಿತರು, ಇಬ್ಬರು ಹೆಣ್ಣುಮಕ್ಕಳ ಹೊರತು. ಅವರಿಗೆ ಒಂದೂವರೆ ದಿನ ಬೇಕಾಯಿತು. ಅದಕ್ಕಾಗಿ ಅವರನ್ನು ದಡ್ಡಿಯರು ಅಂದುಕೊಂಡಿದ್ದೆನಲ್ಲ ಅಂತ ತಾಯಿಗೇ ಆಮೇಲೆ ಅನಿಸಿತು! ಮೊದಲ ಓದಿನ ಪಾಠ ಬೈಬಲ್ಲಿನ ಆದಿಕಾಂಡದ ಮೊದಲ ಅಧ್ಯಾಯ. ಅಕ್ಷರ ಅಕ್ಷರ ಕೂಡಿಸಿ ಒಂದು ಸಾಲು, ಅದು ತಪ್ಪಿಲ್ಲದೆ ಬಂದ ಮೇಲೆ ಇನ್ನೊಂದು ಸಾಲು.

ನಿಯಮಗಳೂ ಇದ್ದವು. ಊಟದ ಹೊತ್ತು ಬಿಟ್ಟು ನಡುನಡುವೆ ತಿನ್ನುವಂತಿಲ್ಲ. ಕೆಲಸದವರ ಹತ್ತಿರ ಏನಾದರೂ ಕೇಳುವಾಗಲೂ ವಿನಯ ಇರಬೇಕು. ಅಣ್ಣ, ಅಕ್ಕ, ತಮ್ಮ, ತಂಗಿ ಅನ್ನುವುದನ್ನು ಸೇರಿಸದೆ ಒಬ್ಬರನ್ನೊಬ್ಬರು ಬರೀ ಹೆಸರಿನಿಂದ ಕರೆಯುವಂತಿಲ್ಲ. ಇದನ್ನು ಓದಿದರೆ ನಮ್ಮ ಅಜ್ಜಿಯರ ಮನೆಯೇ ಕಣ್ಣಿಗೆ ಬರುತ್ತೆ, ಅಲ್ವೇ?

ಇನ್ನೂ ಮುಖ್ಯವಾದವು ಮೂರು. ತಪ್ಪು ಮಾಡಿದ ಮಗು ತಾನಾಗಿ ಬಂದು ಒಪ್ಪಿಕೊಂಡರೆ ಪೆಟ್ಟಿಲ್ಲ. ಹೆದರಿಕೆಯಿಂದಲೇ ಮಕ್ಕಳು ಸುಳ್ಳು ಕಲಿಯುವುದು ಎಂಬುದನ್ನು ಅವಳು ಕಂಡುಕೊಂಡಿದ್ದಳು. ಒಂದು ತಪ್ಪಿಗೆ ಎರಡು ಸಲ ಶಿಕ್ಷೆಯಿಲ್ಲ, ಹಳೆಯದನ್ನು ಮತ್ತೆ ಎತ್ತಿ ಹಂಗಿಸುವಂತೆಯೂ ಇಲ್ಲ. ಇನ್ನೊಂದಂತೂ ಆ ಕಾಲಕ್ಕೆ ದೊಡ್ಡ ಮಾತು. ಹೆಣ್ಣುಮಗಳು ಚೆನ್ನಾಗಿ ಓದಲು ಕಲಿಯುವವರೆಗೆ ಅವಳ ಕೈಗೆ ಸೂಜಿ ದಾರ ಕೊಡುವಂತಿಲ್ಲ. ಹೊಲಿಗೆಗೆ ಬೇಗ ಕೂರಿಸುವುದರಿಂದಲೇ ಹೆಂಗಸರಲ್ಲಿ ನೆಟ್ಟಗೆ ಓದಬಲ್ಲವರು ಕಡಿಮೆ ಎಂಬುದು ಅವಳ ಕಾರಣ. ಮಗಳು ಮೆಹೆಟಬೆಲ್, ಮನೆಯಲ್ಲಿ ಕರೆಯುತ್ತಿದ್ದದ್ದು ಹೆಟ್ಟಿ ಅಂತ, ಎಂಟರ ವಯಸ್ಸಿಗೆ ಗ್ರೀಕ್ ಭಾಷೆಯ ಹೊಸ ಒಡಂಬಡಿಕೆಯನ್ನು ಓದುತ್ತಿದ್ದಳು.

ತಾಳ್ಮೆಯ ಮಾತೂ ಒಂದಿದೆ. ಒಂದೇ ಪಾಠವನ್ನು ಒಂದು ಮಗುವಿಗೆ ಇಪ್ಪತ್ತು ಸಲ ಹೇಳಿದ್ದನ್ನು ಗಂಡ ಎಣಿಸಿ ಅಚ್ಚರಿಪಟ್ಟನಂತೆ. ಹತ್ತೊಂಬತ್ತಕ್ಕೆ ನಿಲ್ಲಿಸಿದ್ದರೆ ಅಷ್ಟೂ ಶ್ರಮ ನೀರಿನಲ್ಲಿ ಹೋಮವಾಗುತ್ತಿತ್ತು ಎನ್ನುವ ಅರ್ಥದಲ್ಲಿ ಅವಳು ಉತ್ತರಿಸಿದಳಂತೆ.

ಎಲ್ಲವನ್ನೂ ಮೆಚ್ಚಬೇಕಿಲ್ಲ. ವರ್ಷ ತುಂಬಿದ ಕೂಸುಗಳೂ ಬೆತ್ತಕ್ಕೆ ಅಂಜಬೇಕು, ಅತ್ತರೂ ಮೆಲ್ಲಗೆ ಅಳಬೇಕು ಎಂಬ ನಿಯಮವೂ ಆ ಮನೆಯಲ್ಲಿತ್ತು. ಮಗುವಿನ ಹಟವನ್ನು ಮೊದಲು ಮುರಿಯಬೇಕು ಎಂದು ಅವಳು ನಂಬಿದ್ದಳು. ಅದು ಆ ಕಾಲದ ನಂಬಿಕೆ. ಇವತ್ತಿನ ತಾಯಿ ಆ ಬೆತ್ತವನ್ನು ಅಲ್ಲೇ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬೇಕು.

ಸಂಸಾರ ಅಂದಮೇಲೆ...

ಗಂಡಹೆಂಡಿರು ಇಬ್ಬರೂ ಗಟ್ಟಿ ಮನಸ್ಸಿನವರು. 1702ರಲ್ಲಿ ರಾಜ ಮೂರನೇ ವಿಲಿಯಂಗಾಗಿ ಗಂಡ ಮಾಡಿದ ಪ್ರಾರ್ಥನೆಗೆ ಇವಳು ಆಮೆನ್ ಹೇಳಲಿಲ್ಲ. ಅವನು ನ್ಯಾಯವಾದ ರಾಜನಲ್ಲ ಎಂಬುದು ಇವಳ ನಿಲುವು. ಅಷ್ಟಕ್ಕೇ ಜಗಳ ಬೆಳೆದು ಗಂಡ ಮನೆ ಬಿಟ್ಟು ಲಂಡನ್ನಿಗೆ ನಡೆದ. ಅದೇ ವರ್ಷ ಆ ರಾಜ ತೀರಿಕೊಂಡ, ಮನೆಗೂ ಒಮ್ಮೆ ಬೆಂಕಿ ಬಿತ್ತು, ಗಂಡ ಮರಳಿ ಬಂದ. ರಾಜಿಯಾದ ಮೇಲೆ 1703ರ ಜೂನ್‌ನಲ್ಲಿ ಹುಟ್ಟಿದವನೇ ಜಾನ್.

1705 ಇನ್ನೂ ಕೆಟ್ಟ ವರ್ಷ. ಚುನಾವಣೆಯ ಗಲಾಟೆಯಲ್ಲಿ ಊರಿನವರು ಪಾದ್ರಿಯ ಮನೆಯ ಹೊರಗೆ ರಾತ್ರಿಯೆಲ್ಲ ಕೂಗಾಡಿದರು. ಬಾಣಂತಿಗೆ ನಿದ್ದೆಯಾಗಲಿ ಎಂದು ಎದುರು ಮನೆಯ ದಾದಿಯ ಹತ್ತಿರ ಮಲಗಿಸಿದ್ದ ಹಸುಗೂಸು, ಅವಳ ಮಗ್ಗುಲಡಿ ಸಿಕ್ಕಿ ಸತ್ತುಹೋಯಿತು. ಕೆಲವೇ ವಾರಗಳಲ್ಲಿ ಸಾಲ ತೀರಿಸಲಾಗದ ಗಂಡನನ್ನು ಲಿಂಕನ್ ಕೋಟೆಯ ಸೆರೆಮನೆಗೆ ಹಾಕಿದರು. ಒಟ್ಟು ಸಾಲ ಸುಮಾರು 300 ಪೌಂಡ್. ಹಗೆಯವರು ರಾತ್ರಿ ಕೊಟ್ಟಿಗೆಗೆ ನುಗ್ಗಿ ಹಸುಗಳನ್ನು ಇರಿದರು, ಮಕ್ಕಳ ಹಾಲೂ ನಿಂತಿತು. ಸುಸಾನ್ನಾ ತನ್ನ ಉಂಗುರಗಳನ್ನೇ ಗಂಡನಿಗೆ ಕಳಿಸಿದಳು, ಕಳಿಸಲು ಬೇರೇನೂ ಇರಲಿಲ್ಲ. ಅವನು ಅವನ್ನು ವಾಪಸ್ಸು ಕಳಿಸಿದ. ಊಟಕ್ಕೆ ಎಂದಾದರೂ ತತ್ವಾರವಾಗಿತ್ತೇ ಎಂದು ಆರ್ಚ್‌ಬಿಷಪ್ ವಿಚಾರಿಸಿದಾಗ ಅವಳು ಕೊಟ್ಟ ಉತ್ತರ ಯಾವ ಗೃಹಿಣಿಗೂ ಅರ್ಥವಾಗುವಂಥದ್ದು. ರೊಟ್ಟಿಗೆ ಕೊರತೆ ಬರಲಿಲ್ಲ, ಆದರೆ ಅದನ್ನು ತರುವ ಮುಂಚಿನ ಚಿಂತೆ, ತಿಂದ ಮೇಲೆ ಬೆಲೆ ತೆರುವ ಚಿಂತೆ, ಎರಡೂ ಸೇರಿ ತುತ್ತು ಕಹಿಯಾಗುತ್ತಿತ್ತು.

ಇಷ್ಟರ ನಡುವೆಯೂ ಪಾಠ ನಡೆಯಿತು. 1709ರ ಫೆಬ್ರವರಿ 9ರ ರಾತ್ರಿಯವರೆಗೆ.

ಮನೆ ಉರಿದ ಮೇಲೆ

ಆ ರಾತ್ರಿ ಎಲ್ಲರೂ ಮಲಗಿದ್ದಾಗ ಮನೆಯ ಮಾಡಿಗೆ ಬೆಂಕಿ ಹತ್ತಿತು. ತುಂಬು ಗರ್ಭಿಣಿ ಸುಸಾನ್ನಾ ಉರಿಯ ನಡುವೆಯೇ ನಡೆದು ಹೊರಬಂದಳು, ಕೈ ಮುಖ ಸುಟ್ಟವು. ಮಕ್ಕಳನ್ನು ಎಣಿಸಿದರೆ ಒಬ್ಬ ಕಡಿಮೆ! ಐದು ವರ್ಷದ ಜಾನ್ ಮೇಲಿನ ಕೋಣೆಯ ಕಿಟಕಿಯಲ್ಲಿ ನಿಂತಿದ್ದ. ಏಣಿ ತರಲು ಹೊತ್ತಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ಹುಡುಗನನ್ನು ಇಳಿಸಿದರು. ಮರುಕ್ಷಣವೇ ಮಾಡು ಕುಸಿಯಿತು. ಪುಸ್ತಕ, ಕಾಗದ, ಬಟ್ಟೆಬರೆ ಎಲ್ಲ ಬೂದಿ. ಮಕ್ಕಳೆಲ್ಲ ಉಳಿದರು. ಮುಂದಿನ ತಿಂಗಳು ಕೊನೆಯ ಮಗಳು ಕೆಝಾಯ ಹುಟ್ಟಿದಳು.

ಹೊಸ ಮನೆ ಏಳುವವರೆಗೆ ಮಕ್ಕಳು ಚೆಲ್ಲಾಪಿಲ್ಲಿ. ಇಬ್ಬರು ಹುಡುಗಿಯರು ಲಂಡನ್ನಿನಲ್ಲಿದ್ದ ತಂದೆಯ ಸೋದರನ ಮನೆಗೆ, ಉಳಿದವರು ಅವರಿವರ ಮನೆಗೆ. ಅವರು ಮತ್ತೆ ಒಂದೇ ಸೂರಿನಡಿ ಸೇರಿದಾಗ ತಾಯಿಗೆ ಎದೆ ಧಸಕ್ಕೆಂದಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿದ ಶಿಸ್ತು ಒಂದೇ ವರ್ಷದಲ್ಲಿ ಮಾಯ! ಒರಟು ಮಾತು ಕಲಿತಿದ್ದರು, ಪ್ರಾರ್ಥನೆ ಮರೆತಿದ್ದರು, ಕೂತಲ್ಲಿ ಕೂರುತ್ತಿರಲಿಲ್ಲ.

ಇಲ್ಲೇ ನೋಡಿ ಅವಳ ಜಾಣತನ ಕಾಣುವುದು. ಹಳೆಯ ಪಟ್ಟಿಯನ್ನೇ ಮತ್ತೆ ಹೇರಲಿಲ್ಲ. ಮಕ್ಕಳೂ ಹಳೆಯ ಮಕ್ಕಳಲ್ಲ, ಅವಳೂ ನಲವತ್ತರವಳು. ಪಾಠದ ಆರಂಭಕ್ಕೆ, ಕೊನೆಗೆ ಕೀರ್ತನೆ ಹಾಡುವ ರೂಢಿ ತಂದಳು. ಸಂಜೆ ಐದಕ್ಕೆ ಎಲ್ಲರಿಗಿಂತ ದೊಡ್ಡವರು ಮಾತು ಬಂದ ಎಲ್ಲರಿಗಿಂತ ಚಿಕ್ಕವರನ್ನು, ಎರಡನೆಯವರು ಅವರ ಮೇಲಿನವರನ್ನು ಕೂರಿಸಿಕೊಂಡು ಬೈಬಲ್ ಓದಿ ಹೇಳಬೇಕು. ದೊಡ್ಡವರಿಗೆ ಜವಾಬ್ದಾರಿ ಬಂತು, ಚಿಕ್ಕವರಿಗೆ ಅಕ್ಕಂದಿರ ಮಡಿಲು ಸಿಕ್ಕಿತು, ತಾಯಿಗೆ ಅರ್ಧ ಗಂಟೆ ಉಳಿಯಿತು. ಪಾಠದ ಪುಸ್ತಕಗಳೂ ಸುಟ್ಟಿದ್ದವಲ್ಲ, ತಾನೇ ಬರೆಯಲು ಕೂತಳು. ಕ್ರೈಸ್ತ ವಿಶ್ವಾಸ ಪ್ರಮಾಣದ ಅರ್ಥವನ್ನು ಮಗಳು ಸುಕಿಗೆ ದೀರ್ಘ ಪತ್ರವಾಗಿ ಬರೆದಳು. ಹಿರಿಮಗಳು ಎಮಿಲಿಯಾಳೊಂದಿಗಿನ ಸಂಭಾಷಣೆಯ ರೂಪದಲ್ಲಿ ಇನ್ನೊಂದನ್ನು ಬರೆದಳು.

ತರಂಗಂಬಾಡಿಯಿಂದ ಬಂದ ಕಿಡಿ

ಇನ್ನು ಮುಂದಿನದು ನಮಗೆ ಹತ್ತಿರದ ಕಥೆ. ತಮಿಳುನಾಡಿನ ಕರಾವಳಿಯಲ್ಲಿ ತರಂಗಂಬಾಡಿ ಎಂಬ ಊರಿದೆ. ಆಗ ಅದು ಡೆನ್ಮಾರ್ಕಿನವರ ಕೈಯಲ್ಲಿತ್ತು. ಅಲ್ಲಿನ ರಾಜ ಕಳಿಸಿದ ಸೀಗನ್‌ಬಾಲ್ಗ್, ಪ್ಲೂಚೌ ಎಂಬ ಇಬ್ಬರು ಜರ್ಮನ್ ತರುಣರು 1706ರಲ್ಲಿ ಅಲ್ಲಿಗೆ ಬಂದು, ತಮಿಳು ಕಲಿತು ಕೆಲಸಕ್ಕಿಳಿದರು. ಅವರ ಕಥೆ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬಂದು, ಎಪ್ವರ್ತಿನಲ್ಲಿ ತಂದೆಯ ಓದುವ ಕೋಣೆಯಲ್ಲಿ ಎಮಿಲಿಯಾ ಕಣ್ಣಿಗೆ ಬಿತ್ತು. ಅವಳು ಅದನ್ನು ಓದಿ ಹೇಳಿದಾಗ ಸುಸಾನ್ನಾಳ ಮನಸ್ಸು ಕಲಕಿತು. ತಾನು ಗಂಡಸಲ್ಲ, ಪಾದ್ರಿಯಲ್ಲ, ಸಮುದ್ರ ದಾಟುವಂತಿಲ್ಲ. ಆದರೆ ತನ್ನ ಮನೆಯೊಳಗೆ ಈಗ ಮಾಡುತ್ತಿರುವುದಕ್ಕಿಂತ ಹೆಚ್ಚು ಮಾಡಬಹುದಲ್ಲ?

ಅಂದಿನಿಂದ ಒಂದೊಂದು ಸಂಜೆ ಒಂದೊಂದು ಮಗುವಿಗೆ ಅಂತ ಇಟ್ಟಳು. ಸೋಮವಾರ ಮೋಲಿ, ಮಂಗಳವಾರ ಹೆಟ್ಟಿ, ಬುಧವಾರ ನ್ಯಾನ್ಸಿ, ಗುರುವಾರ ಜಾನ್, ಶುಕ್ರವಾರ ಪ್ಯಾಟಿ, ಶನಿವಾರ ನಾಲ್ಕು ವರ್ಷದ ಚಾರ್ಲ್ಸ್, ಭಾನುವಾರ ದೊಡ್ಡವರಾದ ಎಮಿಲಿಯಾ ಮತ್ತು ಸುಕಿ. ಆ ಹೊತ್ತು ಲೆಕ್ಕವಿಲ್ಲ, ಕಾಗುಣಿತವಿಲ್ಲ. ಮಗುವಿನ ಮನಸ್ಸಿನಲ್ಲಿ ಏನಿದೆ, ಏನು ಭಯ, ಏನು ಸಂಶಯ ಅಂತ ಮಾತು. ಆರು ಗಂಟೆಯ ಶಾಲೆಯಲ್ಲಿ ಕೈಗೆ ಸಿಗದದ್ದು ಈ ಒಂದು ಗಂಟೆಯಲ್ಲಿ ಸಿಕ್ಕಿತು. ಇಪ್ಪತ್ತು ವರ್ಷವಾದ ಮೇಲೆ ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕನಾಗಿದ್ದ ಜಾನ್‌ಗೆ ನೆನಪಾಗುತ್ತಿದ್ದದ್ದು ಆ ಗುರುವಾರದ ಸಂಜೆಯೇ. ಮಕ್ಕಳನ್ನು ಬೆಳೆಸಿದ ಬಗೆಯನ್ನು ಬರೆದು ಕಳಿಸು ಅಂತ ಅವನು ಕೇಳಿದ್ದಕ್ಕೆ 1732ರ ಜುಲೈನಲ್ಲಿ ತಾಯಿ ಬರೆದ ಪತ್ರದಿಂದಲೇ ಈ ಮನೆಶಾಲೆಯ ವಿವರಗಳು ನಮಗೆ ಸಿಕ್ಕಿವೆ.

ಅದೇ ಚಳಿಗಾಲ ಇನ್ನೊಂದು ಘಟನೆ ನಡೆಯಿತು. 1711ರ ಕೊನೆಗೆ ಗಂಡ ಲಂಡನ್ನಿಗೆ ಹೋಗಿದ್ದ. ಭಾನುವಾರ ಸಂಜೆ ಮಕ್ಕಳಿಗೆ, ಕೆಲಸದವರಿಗೆ ಸುಸಾನ್ನಾ ಪ್ರಸಂಗ ಓದಿ ಹೇಳುತ್ತಿದ್ದಳು. ಕೇಳಲು ಅಕ್ಕಪಕ್ಕದವರು ಬಂದರು, ಆಮೇಲೆ ಅವರ ನೆಂಟರು. ಸಂಖ್ಯೆ ಇನ್ನೂರು ದಾಟಿತು! ಗಂಡನ ಬದಲಿಗಿದ್ದ ಪಾದ್ರಿಗೆ ಹೊಟ್ಟೆಯುರಿ, ದೂರು ಹೋಯಿತು. ನಿಲ್ಲಿಸುವುದು ಒಳ್ಳೆಯದು ಅಂತ ಗಂಡ ಬರೆದ. ಅವಳು ಜಗಳವಾಡಲಿಲ್ಲ, ಹೆದರಲೂ ಇಲ್ಲ. ಇದರಿಂದ ಊರಿಗಾದ ಒಳಿತನ್ನು ವಿವರಿಸಿ, ನಿಲ್ಲಿಸಬೇಕಾದರೆ ಸ್ಪಷ್ಟ ಅಪ್ಪಣೆ ಕೊಡಿ, ಆಗ ಅದರ ಹೊಣೆ ನಿಮ್ಮದು ಎನ್ನುವಂತೆ ಉತ್ತರಿಸಿದಳು. ಗಂಡ ಅಪ್ಪಣೆ ಕೊಡಲಿಲ್ಲ.

ಗೂಡು ಬಿಟ್ಟ ಹಕ್ಕಿಗಳು

ಹಿರಿಮಗ ಸ್ಯಾಮ್ಯುಯೆಲ್ 1704ರಲ್ಲೇ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಹೋಗಿದ್ದ. 1714ರಲ್ಲಿ ಜಾನ್ ಚಾರ್ಟರ್‌ಹೌಸ್ ಶಾಲೆಗೆ, 1716ರಲ್ಲಿ ಚಾರ್ಲ್ಸ್ ವೆಸ್ಟ್‌ಮಿನ್‌ಸ್ಟರಿಗೆ ಹೊರಟರು. ನನ್ನ ಶಾಲೆಯೇ ಸಾಕು ಅಂತ ತಾಯಿ ಹಿಡಿದಿಡಲಿಲ್ಲ. ಪಾಠ ನಿಂತಿತು, ಪತ್ರ ಆರಂಭವಾಯಿತು.

ಹೆಣ್ಣುಮಕ್ಕಳ ಕಥೆ ಮಾತ್ರ ಕಣ್ಣೀರಿನದು. ಗಂಡುಮಕ್ಕಳ ಓದಿಗೆ ಆಕ್ಸ್‌ಫರ್ಡ್ ಇತ್ತು, ಹೆಣ್ಣುಮಕ್ಕಳ ಓದಿಗೆ ಮುಂದೆ ಬಾಗಿಲೇ ಇರಲಿಲ್ಲ. ಗ್ರೀಕ್ ಓದುತ್ತಿದ್ದ, ಕವಿತೆ ಬರೆಯುತ್ತಿದ್ದ ಹೆಟ್ಟಿ 1725ರಲ್ಲಿ ಪ್ರೀತಿಸಿದವನ ಜೊತೆ ಓಡಿಹೋಗಿ, ಮೋಸಹೋಗಿ, ಬಸುರಿಯಾಗಿ ಮರಳಿದಳು. ಕೊಳಾಯಿ ಕೆಲಸದವನೊಬ್ಬನಿಗೆ ಅವಸರದಲ್ಲಿ ಮದುವೆ ಮಾಡಿದರು. ಅವನಿಗೂ ಅವಳಿಗೂ ಮನಸ್ಸು ಕೂಡಲಿಲ್ಲ. ತಂದೆ ಕ್ಷಮಿಸಲಿಲ್ಲ, ತಾಯಿಯೂ ಕೂಡಲೇ ಹತ್ತಿರ ಸೇರಿಸಲಿಲ್ಲ. ಮಂಗಳವಾರದ ಸಂಜೆ ಮನಸ್ಸು ಬಿಚ್ಚುತ್ತಿದ್ದ ಮಗಳಿಗೆ ಕಷ್ಟದ ದಿನ ಆ ಸಂಜೆ ಸಿಗಲಿಲ್ಲ. ಮಕ್ಕಳು ಚಿಕ್ಕವರಿದ್ದಾಗ ಕೊಡುವ ಸಮಯಕ್ಕಿಂತ ದೊಡ್ಡವರಾಗಿ ಎಡವಿದಾಗ ಕೊಡುವ ಸಮಯ ಎಷ್ಟು ಕಷ್ಟದ್ದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1735ರ ಏಪ್ರಿಲ್‌ನಲ್ಲಿ ಗಂಡ ತೀರಿಕೊಂಡ. ಪಾದ್ರಿಯ ಮನೆ ಮುಂದಿನ ಪಾದ್ರಿಗೆ ಸೇರಬೇಕಾದ್ದು. ಸುಸಾನ್ನಾ ಮನೆ ಖಾಲಿ ಮಾಡಿದಳು. ಅದೇ ವರ್ಷ ಜಾನ್, ಚಾರ್ಲ್ಸ್ ಇಬ್ಬರೂ ಅಮೆರಿಕದ ಜಾರ್ಜಿಯಾಕ್ಕೆ ಹಡಗು ಹತ್ತಿದರು. ಆಮೇಲೆ ಶಾಲೆ ನಡೆಸುತ್ತಿದ್ದ ಎಮಿಲಿಯಾಳ ಬಳಿ, ಹಿರಿಮಗನ ಬಳಿ, ಇನ್ನೊಬ್ಬ ಮಗಳ ಬಳಿ, ಹೀಗೆ ಮಕ್ಕಳ ಮನೆಯಿಂದ ಮನೆಗೆ. ಎಲ್ಲರಿಗೂ ಪಟ್ಟಿ ಹಾಕಿಕೊಟ್ಟವಳು ಈಗ ಬೇರೆಯವರ ಪಟ್ಟಿಗೆ ಹೊಂದಿಕೊಂಡಳು.

ಕೊನೆಗೆ ಲಂಡನ್ನಿನಲ್ಲಿ ಜಾನ್ ಜೊತೆ ನೆಲೆಸಿದಳು. ಮೆಥೋಡಿಸ್ಟ್ ಚಳವಳಿ ಆಗಷ್ಟೇ ಕುಡಿಯೊಡೆಯುತ್ತಿತ್ತು. ಪಾದ್ರಿಯಲ್ಲದ ತರುಣನೊಬ್ಬ ಬೋಧನೆಗೆ ನಿಂತನೆಂದು ಜಾನ್ ಸಿಟ್ಟಿನಿಂದ ಧಾವಿಸಿ ಬಂದಾಗ, ಮೊದಲು ಅವನ ಮಾತು ಕೇಳು, ಫಲ ನೋಡು ಅಂತ ತಡೆದವಳು ಈ ತಾಯಿ. ಮಗ ಕೇಳಿದ, ಒಪ್ಪಿದ. ಸಾಮಾನ್ಯರೂ ಬೋಧಿಸುವ ದಾರಿ ಹೀಗೆ ತೆರೆಯಿತು. 1742ರ ಜುಲೈನಲ್ಲಿ, ಎಪ್ಪತ್ತಮೂರರ ವಯಸ್ಸಿನಲ್ಲಿ, ಮಕ್ಕಳು ಸುತ್ತ ನೆರೆದಿರುವಾಗ ಸುಸಾನ್ನಾ ಕಣ್ಣು ಮುಚ್ಚಿದಳು. ಜೀವ ಹೋದೊಡನೆ ದೇವರ ಸ್ತುತಿ ಹಾಡಿ ಅಂತ ಕೇಳಿಕೊಂಡಿದ್ದಳು, ಹಾಡಿದರು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿ ಅವಳ ಸಮಾಧಿಯಿದೆ. ಎಪ್ವರ್ತಿನಲ್ಲಿ ಬೆಂಕಿಯ ನಂತರ ಕಟ್ಟಿದ ಇಟ್ಟಿಗೆಯ ಮನೆ ಇವತ್ತು ವಸ್ತುಸಂಗ್ರಹಾಲಯ. ಶನಿವಾರದ ಹುಡುಗ ಚಾರ್ಲ್ಸ್ ಬರೆದ ಭಕ್ತಿಗೀತೆಗಳು ಆರು ಸಾವಿರಕ್ಕೂ ಹೆಚ್ಚು.

ನಮ್ಮ ಮನೆಗೆ ಏನು ತರೋಣ?

ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಕುಟುಂಬಗಳು ನಮ್ಮ ನಗರಗಳಲ್ಲೂ ಇವೆ. ನೀವು ಅವರಲ್ಲೊಬ್ಬರಾಗಿರಬಹುದು, ಇಲ್ಲವೇ ಶಾಲೆ ಬಿಟ್ಟ ಮೇಲೆ ಮಾತ್ರ ಟೀಚರ್ ಆಗುವ ಅಮ್ಮ ಇರಬಹುದು. ಯಾವ ಧರ್ಮದ ಮನೆಯಾದರೂ ಸರಿ, ಇವಿಷ್ಟನ್ನು ಮಾಡಿ ನೋಡಿ.

* ವಾರಕ್ಕೊಂದು ದಿನ, ಒಂದು ಮಗುವಿಗೆ ಅರ್ಧ ಗಂಟೆ. ಟಿವಿ, ಮೊಬೈಲ್, ಮಾರ್ಕ್ಸ್ ಕಾರ್ಡ್ ಮೂರೂ ದೂರ. ಹೇಳುವುದು ಕಡಿಮೆ, ಕೇಳುವುದು ಹೆಚ್ಚು.

* ತಾನಾಗಿ ತಪ್ಪು ಒಪ್ಪಿದ ಮಗುವಿಗೆ ಶಿಕ್ಷೆ ಬೇಡ. ಮುಗಿದ ತಪ್ಪನ್ನು ನೆಂಟರ ಮುಂದೆ ಎತ್ತಬೇಡಿ.

* ದೊಡ್ಡ ಮಗುವಿಗೆ ಚಿಕ್ಕದರ ಒಂದು ಪಾಠ ಒಪ್ಪಿಸಿ. ಎರಡೂ ಕಲಿಯುತ್ತವೆ.

* ಮನೆಯಲ್ಲಿ ಕಾಯಿಲೆ, ವರ್ಗ, ಸಾವು ನೋವು ಆದಾಗ ಹಳೆಯ ಪಟ್ಟಿಯನ್ನೇ ಹಿಡಿದು ಕೂರಬೇಡಿ. ಯಾವುದನ್ನು ಬಿಡಲೇಬಾರದು ಅಂತ ಒಂದನ್ನು ಮಾತ್ರ ಆರಿಸಿ, ಅದರ ಸುತ್ತ ಹೊಸ ಪಟ್ಟಿ ಹಾಕಿ.

* ಮಗಳು ಓದುವ ಹೊತ್ತಿಗೆ ಅಡುಗೆಮನೆಗೆ ಕೂಗಬೇಡಿ. ಓದಿದ ಮಗಳಿಗೆ ಮುಂದಿನ ಬಾಗಿಲನ್ನೂ ತೆರೆದಿಡಿ.

* ಮಕ್ಕಳು ಬೆಳೆದು ಎಡವಿದ ದಿನ ಅವರ ಪಾಲಿನ ಆ ಸಂಜೆಯನ್ನು ಕಿತ್ತುಕೊಳ್ಳಬೇಡಿ.

ಸುಸಾನ್ನಾಳ ಮನೆ ಉರಿಯಿತು, ಪಟ್ಟಿ ಸುಟ್ಟಿತು, ಮಕ್ಕಳು ಚದುರಿದರು, ಗಂಡ ಹೋದ, ಊರೂ ಬಿಟ್ಟಿತು. ಮಕ್ಕಳಲ್ಲಿ ಉಳಿದದ್ದು ಅಮ್ಮ ಎದುರಿಗೆ ಕೂತು ತಮ್ಮ ಮಾತು ಕೇಳಿದ ಆ ಒಂದು ಗಂಟೆ. ಈ ವಾರ ಯಾವ ಸಂಜೆ ಯಾರದ್ದು ಅಂತ ಇವತ್ತೇ ಕ್ಯಾಲೆಂಡರಿನಲ್ಲಿ ಬರೆದುಬಿಡಿ. ಹಾಲಿನವನ ಲೆಕ್ಕದ ಪಕ್ಕದಲ್ಲೇ ಬರೆದರೂ ಸಾಕು!